ಹಳೇ ಇಸಿಜಿ ರಾತ್ರಿ ಎರಡು ಗಂಟೆಗೂ ಸಿಗಬೇಕು: ಕಾಗದ ಬಿಟ್ಟು ಡಿಜಿಟಲ್‌ಗೆ ಹೋಗುವ ಕ್ರಮ

ಆಸ್ಪತ್ರೆಯ ಇಸಿಜಿಯನ್ನೆಲ್ಲ ಕಂಪ್ಯೂಟರಿಗೆ ತರೋಣ ಅಂದ ಕೂಡಲೇ ಎಲ್ಲರೂ ಕೇಳುವುದು ಯಾವ ಮಿಷನ್ ತಗೊಳ್ಳೋದು ಅಂತ. ಅದು ಕೊನೆಗೆ ಕೇಳುವ ಪ್ರಶ್ನೆ. ಮೊದಲು ಕೇಳಬೇಕಾದದ್ದು ಬೇರೆ. ಎದೆನೋವು ಅಂತ ರಾತ್ರಿ ಎರಡು ಗಂಟೆಗೆ ಅಂಕೋಲಾ ಕಡೆಯಿಂದ ಒಬ್ಬರನ್ನು ಕರೆತಂದರೆ, ಅವರ ಹೋದ ವರ್ಷದ ಇಸಿಜಿ ಡ್ಯೂಟಿ ಡಾಕ್ಟರ ಕಣ್ಣೆದುರಿಗೆ ಎಷ್ಟು ಹೊತ್ತಿಗೆ ಬರುತ್ತದೆ?

ಹೊಸದು ಒಂದನ್ನೇ ನೋಡಿದರೆ ಅರ್ಧ ಕಥೆ ಮಾತ್ರ ಸಿಗುತ್ತದೆ. ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್, ಅಂದರೆ ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ಹೋಗುವ ದಾರಿಯಲ್ಲಿ ತಡೆ, ಕಂಡಿತು ಅನ್ನಿ. ಅದು ಇವತ್ತು ಬಂದದ್ದೋ, ಹತ್ತು ವರ್ಷದಿಂದ ಇದ್ದದ್ದೋ? ಎಸ್‌ಟಿ, ಅಂದರೆ ಪ್ರತಿ ಬಡಿತದ ಚೂಪು ಅಲೆಯ ನಂತರದ ಭಾಗ, ಸ್ವಲ್ಪ ಮೇಲೆದ್ದಿದೆ. ಇವರಿಗೆ ಅದೇ ಸಹಜವೋ, ಈಗ ರಕ್ತನಾಳ ಕಟ್ಟಿದೆಯೋ? ಹಳೇದು ಪಕ್ಕದಲ್ಲಿದ್ದರೆ ಉತ್ತರ ಬಹಳ ಬೇಗ ಸಿಗುತ್ತದೆ. ದೊಡ್ಡ ಚಿಕಿತ್ಸೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ ಅಂತ ಆಂಬುಲೆನ್ಸ್ ಹತ್ತಿಸುವ ಜಿಲ್ಲೆ ನಮ್ಮ ಉತ್ತರ ಕನ್ನಡ. ಮಳೆಗಾಲದ ನಡುರಾತ್ರಿ ಆ ನಿರ್ಧಾರ ತಗೊಳ್ಳುವವರಿಗೆ ಹಳೇ ಇಸಿಜಿಯ ಬೆಲೆ ಗೊತ್ತು. ಹಾಗಾಗಿ ಮುಂದೆ ಹೇಳುವುದನ್ನೆಲ್ಲ ಈ ಒಂದು ಅಳತೆಯಿಂದಲೇ ನೋಡಿ. ಹೊಸದೂ ಹಳೇದೂ ಅಕ್ಕಪಕ್ಕ ಕಾಣಬೇಕು, ಬೇಗ ಕಾಣಬೇಕು. ಅಷ್ಟಾಗದಿದ್ದರೆ ಎಷ್ಟು ಖರ್ಚು ಮಾಡಿದರೂ ಅದು ಕಾಗದದ ಕಪಾಟನ್ನು ಕಂಪ್ಯೂಟರಿನೊಳಗೆ ಇಟ್ಟ ಹಾಗೆ, ಅಷ್ಟೇ.

ಕಾಗದ ಯಾಕೆ ಕೈಕೊಡುತ್ತದೆ

ಇಸಿಜಿ ರೋಲ್ ಥರ್ಮಲ್ ಕಾಗದ. ಅದರಲ್ಲಿ ಶಾಯಿ ಇಲ್ಲ. ಕಾಗದದ ಮೇಲೆ ಬಿಸಿಗೆ ಕಪ್ಪಾಗುವ ಒಂದು ಲೇಪ ಇರುತ್ತದೆ, ಮಿಷನ್ ಬಿಸಿಯಿಂದಲೇ ಗೆರೆ ಎಳೆಯುತ್ತದೆ. ಆ ಲೇಪಕ್ಕೆ ಬಿಸಿಲು, ಸೆಕೆ, ತೇವ ಯಾವುದೂ ಆಗುವುದಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಈ ಮೂರೂ ಧಾರಾಳ ಇವೆ. ಇದರ ಜೊತೆ ನಾವೇ ಮಾಡುವ ಕೆಲಸಗಳೂ ಇವೆ: ಸ್ಟ್ರಿಪ್ಪನ್ನು (ಇಸಿಜಿ ಬಂದ ಕಾಗದದ ತುಂಡನ್ನು) ಕೇಸ್ ಪೇಪರಿಗೆ ಗಮ್ ಹಾಕಿ ಅಂಟಿಸುವುದು, ಸೆಲ್ಲೋಟೇಪ್ ಹಚ್ಚುವುದು, ಪ್ಲಾಸ್ಟಿಕ್ ಕವರಿನೊಳಗೆ ತುರುಕುವುದು, ಸ್ಯಾನಿಟೈಸರ್ ಹಚ್ಚಿದ ಕೈಯಲ್ಲೇ ಮುಟ್ಟುವುದು. ಗೆರೆ ಮಾಸಿ ಬರೀ ಗುಲಾಬಿ ಚೌಕ ಉಳಿಯುತ್ತದೆ. ಮನೆಯವರು ಕೆಲವೊಮ್ಮೆ ಕಾಳಜಿಯಿಂದಲೇ ಲ್ಯಾಮಿನೇಟ್ ಮಾಡಿಸಿ ತರುತ್ತಾರೆ. ಬಿಸಿ ರೋಲರಿನಲ್ಲಿ ಹೋದದ್ದೇ ತಡ, ಇಡೀ ಕಾಗದ ಕಪ್ಪು. ಡಿಸ್ಚಾರ್ಜ್ ಮಾಡುವಾಗಲೇ ಇದನ್ನು ಬಾಯಿಬಿಟ್ಟು ಹೇಳಿ.

ಡಿಜಿಟಲ್ ವ್ಯವಸ್ಥೆ ಬರುವವರೆಗೆ ಒಂದು ಕೆಲಸ ಇವತ್ತೇ ಶುರು ಮಾಡಬಹುದು. ಮುಖ್ಯ ಅನ್ನಿಸಿದ ಸ್ಟ್ರಿಪ್ಪಿಗೆ ಸಾದಾ ಕಾಗದದ ಜೆರಾಕ್ಸ್ ತೆಗೆದು ಫೈಲಿನಲ್ಲಿಡಿ. ಜೆರಾಕ್ಸ್ ಥರ್ಮಲ್ ಕಾಗದದ ಹಾಗೆ ಮಾಸುವುದಿಲ್ಲ.

ಮೊದಲು ಒಂದು ಸ್ಟ್ರಿಪ್ಪಿನ ಹಿಂದೆ ನಡೆಯಿರಿ

ಯಾರಿಗೂ ಹಣ ಕೊಡುವ ಮೊದಲು ನಿಮ್ಮ ಆಸ್ಪತ್ರೆಯಲ್ಲಿ ಒಂದು ಇಸಿಜಿ ಎಲ್ಲಿ ಹುಟ್ಟಿ ಎಲ್ಲಿ ಕಳೆದುಹೋಗುತ್ತದೆ ಅಂತ ನೋಡಿ. ಯಾರು ಬರೆದುಕೊಡುತ್ತಾರೆ, ಬಿಲ್ಲು ಎಲ್ಲಿ ಆಗುತ್ತದೆ, ತೆಗೆಯುವವರು ಟೆಕ್ನಿಷಿಯನ್ನೋ ಸಿಸ್ಟರೋ, ಹೆಸರನ್ನು ಪೆನ್ನಿನಲ್ಲಿ ಬರೆಯುತ್ತಾರೋ ಮಿಷನ್ನಿನಲ್ಲಿ ಒತ್ತುತ್ತಾರೋ, ಡಾಕ್ಟರು ನೋಡಿದ ಮೇಲೆ ಸ್ಟ್ರಿಪ್ ರೋಗಿಯ ಕೈಗೆ ಹೋಗುತ್ತದೋ ರೆಕಾರ್ಡ್ ರೂಮಿಗೋ. ಹಗಲು ಒಂದು ಸಲ ನೋಡಿ, ರಾತ್ರಿ ಪಾಳಿಯಲ್ಲಿ ಇನ್ನೊಂದು ಸಲ. ಎರಡೂ ಒಂದೇ ಥರ ಇರುವುದು ಕಡಿಮೆ.

ಹಾಗೇ ಇರುವ ಮಿಷನ್‌ಗಳ ಪಟ್ಟಿ ಮಾಡಿ. ಕ್ಯಾಶುವಾಲ್ಟಿಯಲ್ಲಿ ಒಂದು, ಓಪಿಡಿಯಲ್ಲಿ ಒಂದು, ಐಸಿಯುವಿನಲ್ಲಿ ಒಂದು, ವಾರ್ಡಿನಲ್ಲಿ ಟ್ರಾಲಿ ಮೇಲೆ ಓಡಾಡುವುದು ಇನ್ನೊಂದು. ಮಾಡೆಲ್ ನಂಬರ್ ಬರೆದುಕೊಳ್ಳಿ, ಹಿಂಭಾಗ ತಿರುಗಿಸಿ ಯಾವ ಯಾವ ಪೋರ್ಟ್ ಇದೆ ನೋಡಿ. ಲ್ಯಾನ್ ಪೋರ್ಟ್ ಅಥವಾ ಯುಎಸ್‌ಬಿ ಇದ್ದು, ಒಳಗೆ ಮೆಮೊರಿಯೂ ಇದ್ದರೆ ಹಳೇ ಮಿಷನ್ನೇ ಇನ್ನೂ ಕೆಲವು ವರ್ಷ ಉಪಯೋಗಕ್ಕೆ ಬಂದೀತು. ಒಂದೊಂದೇ ಲೀಡನ್ನು (ಹೃದಯವನ್ನು ಒಂದೊಂದು ಕೋನದಿಂದ ತೋರಿಸುವ ಗೆರೆಯನ್ನು) ಉದ್ದಕ್ಕೆ ಹೊಡೆಯುವ ಸಿಂಗಲ್ ಚಾನೆಲ್ ಮಿಷನ್ ಆದರೆ ಅದರ ಆಸೆ ಬಿಡಿ. ಹನ್ನೆರಡೂ ಲೀಡ್ ಒಂದೇ ಹತ್ತು ಸೆಕೆಂಡಿನದ್ದಾಗಿ ಒಟ್ಟಿಗೆ ಬೇಕು.

ಚಿತ್ರ, ಪಿಡಿಎಫ್, ಅಲೆ

ಡಿಜಿಟಲ್ ಇಸಿಜಿ ಅಂತ ಮಾರುವವರು ಮೂರು ಬೇರೆ ಬೇರೆ ವಸ್ತುವಿಗೆ ಒಂದೇ ಹೆಸರು ಇಟ್ಟಿರುತ್ತಾರೆ.

ಮೊದಲನೆಯದು ಸ್ಟ್ರಿಪ್ಪಿನ ಫೋಟೋ ಅಥವಾ ಸ್ಕ್ಯಾನ್. ಏನೂ ಇಲ್ಲದ್ದಕ್ಕಿಂತ ಒಳ್ಳೆಯದು. ಆದರೆ ಮೊಬೈಲನ್ನು ಸ್ವಲ್ಪ ಓರೆ ಹಿಡಿದರೂ ಚೌಕ ಸೊಟ್ಟಗಾಗುತ್ತದೆ, ವಾಟ್ಸಾಪ್ ಚಿತ್ರವನ್ನು ಹಿಂಡುತ್ತದೆ, ಒಂದು ಮಿಲಿಮೀಟರಿನ ವ್ಯತ್ಯಾಸ ನೋಡಬೇಕಾದ ಜಾಗದಲ್ಲಿ ಮಬ್ಬು ಗೆರೆ ಸಿಗುತ್ತದೆ. ಎರಡನೆಯದು ಮಿಷನ್ ನೇರವಾಗಿ ಬರೆದ ಪಿಡಿಎಫ್. ಇದು ಸ್ಪಷ್ಟ. ಹೆಚ್ಚಿನ ಮಿಷನ್‌ಗಳಲ್ಲಿ ದೊಡ್ಡದು ಮಾಡಿ ನೋಡಿದರೂ ಗೆರೆ ಒಡೆಯುವುದಿಲ್ಲ. ಚಿಕ್ಕ ಆಸ್ಪತ್ರೆಗೆ ಶುರುವಿಗೆ ಇದು ಸಾಕು ಅಂತಲೇ ನನ್ನ ಅಭಿಪ್ರಾಯ. ಮೂರನೆಯದು ಅಲೆಯ ಅಂಕಿಗಳೇ. ಸೆಕೆಂಡಿಗೆ 500 ಸಲ ಅಳೆದ ವೋಲ್ಟೇಜ್ ಹಾಗೇ ಉಳಿದಿರುತ್ತದೆ. ನಾಳೆ ಬೇಕಾದರೆ ಬೇರೆ ಫಿಲ್ಟರ್ ಹಾಕಿ ನೋಡಬಹುದು, ಕಂಪ್ಯೂಟರಿನಲ್ಲೇ ಅಳೆಯಬಹುದು, ಹಳೇದರ ಮೇಲೆ ಹೊಸದನ್ನು ಇಟ್ಟು ಹೋಲಿಸಬಹುದು. ಇದಕ್ಕೆ ಯಾವ ಒಂದು ಕಂಪನಿಗೂ ಸೇರದ ಮುಕ್ತ ಫೈಲ್ ಮಾದರಿಗಳಿವೆ: ಎಸ್‌ಸಿಪಿ-ಇಸಿಜಿ, ಎಚ್‌ಎಲ್ ಸೆವೆನ್‌ನವರ ಎಕ್ಸ್‌ಎಂಎಲ್, ಮತ್ತು ಎಕ್ಸ್-ರೇ, ಸ್ಕ್ಯಾನಿಂಗ್‌ನವರು ಬಳಸುವ ಡೈಕಾಮ್. ನಿಮ್ಮಲ್ಲಿ ಆಗಲೇ ಸಿಟಿ ಸ್ಕ್ಯಾನ್ ಚಿತ್ರಗಳನ್ನು ಕೂಡಿಡುವ ಪ್ಯಾಕ್ಸ್ ಸರ್ವರ್ ಇದ್ದರೆ ಡೈಕಾಮ್ ಕೇಳಿ. ಆದರೆ ಎಲ್ಲ ಪ್ಯಾಕ್ಸೂ ಇಸಿಜಿ ಅಲೆಯನ್ನು ಸರಿಯಾಗಿ ತೋರಿಸುವುದಿಲ್ಲ. ನಿಮ್ಮ ಸರ್ವರಿನಲ್ಲೇ ತೆರೆದು ತೋರಿಸಿ ಅಂತ ಹಠ ಹಿಡಿಯಿರಿ.

ಜಾಗ ತುಂಬಾ ಬೇಕಾಗುತ್ತದೆ, ದೊಡ್ಡ ಸರ್ವರ್ ಬೇಕು ಅಂತ ಯಾರಾದರೂ ಹೆದರಿಸಿದರೆ ಕಾಗದ ಪೆನ್ನು ತಗೊಳ್ಳಿ. ಹನ್ನೆರಡು ಲೀಡಿನಲ್ಲಿ ನಿಜವಾಗಿ ಬೇರೆ ಬೇರೆ ಇರುವುದು ಎಂಟೇ. ಲೀಡ್ ಒಂದು, ಎರಡು, ಮತ್ತು ಎದೆಯ ಮೇಲಿನ ವಿ1ರಿಂದ ವಿ6. ಉಳಿದ ನಾಲ್ಕು ಲೆಕ್ಕದಿಂದ ಬರುತ್ತವೆ: ಎರಡರಲ್ಲಿ ಒಂದನ್ನು ಕಳೆದರೆ ಮೂರು, ಹಾಗೇ ಎವಿಆರ್, ಎವಿಎಲ್, ಎವಿಎಫ್ ಕೂಡ. ಎಂಟು ಲೀಡ್, ಸೆಕೆಂಡಿಗೆ 500 ಅಳತೆ, 10 ಸೆಕೆಂಡು, ಒಂದೊಂದಕ್ಕೆ 2 ಬೈಟ್. ಒಟ್ಟು 80,000 ಬೈಟ್, ಅಂದರೆ ಸುಮಾರು 80 ಕೆಬಿ. ದಿನಕ್ಕೆ 50 ಇಸಿಜಿ ತೆಗೆದರೂ ವರ್ಷಕ್ಕೆ ಒಂದೂವರೆ ಜಿಬಿ. ಪಿಡಿಎಫ್ ಜೊತೆಗಿಟ್ಟರೂ ಮದುವೆ ವಿಡಿಯೋ ಇದಕ್ಕಿಂತ ದೊಡ್ಡದಿರುತ್ತದೆ.

ಜಾಸ್ತಿ ಎಚ್ಚರ ಬೇಕಾದದ್ದು ಕಂಪನಿಯ ಸ್ವಂತ ಮಾದರಿಯ ಬಗ್ಗೆ. ಆ ಫೈಲ್ ಅವರ ಸಾಫ್ಟ್‌ವೇರಿನಲ್ಲಿ ಮಾತ್ರ ತೆರೆಯುತ್ತದೆ, ಲೈಸೆನ್ಸ್ ಮುಗಿದ ದಿನ ನಿಮ್ಮ ರೋಗಿಗಳ ಇಸಿಜಿ ನಿಮಗೇ ಸಿಗುವುದಿಲ್ಲ. ಪರ್ಚೇಸ್ ಆರ್ಡರಿನಲ್ಲೇ ಬರೆಸಿ: ಪ್ರತಿ ಇಸಿಜಿಯೂ ಮುಕ್ತ ಮಾದರಿಯಲ್ಲೂ ಪಿಡಿಎಫ್‌ನಲ್ಲೂ ಹೊರಗೆ ಬರಬೇಕು, ಕರಾರು ಮುಗಿದಾಗ ಎಲ್ಲವನ್ನೂ ರೋಗಿಯ ನಂಬರಿನ ಸಮೇತ ಬೇರೆ ಹಣ ಕೇಳದೆ ಕೊಡಬೇಕು. ಬಾಯಿಮಾತಿನ ಭರವಸೆ ಬೇಡ. ಡೆಮೊ ದಿನವೇ ಒಂದು ಫೈಲ್ ಹೊರತೆಗೆಸಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಹೆಸರು, ನಂಬರು, ಗಡಿಯಾರ

ಇಡೀ ಕೆಲಸದಲ್ಲಿ ಅತಿ ಕಷ್ಟದ ಭಾಗ ಇದೇ. ಮಿಷನ್ ಎಷ್ಟು ಒಳ್ಳೆಯದಾದರೂ ಇಸಿಜಿ ತಪ್ಪು ಮನುಷ್ಯನ ಹೆಸರಿಗೆ ಕೂತರೆ ಕಾಗದವೇ ವಾಸಿ ಅನ್ನಿಸಿಬಿಡುತ್ತದೆ.

ಶಿರಸಿ ಕಡೆ ಗಣಪತಿ ಹೆಗಡೆ ಅಂತ ಹುಡುಕಿದರೆ ಎಷ್ಟು ಜನ ಬರುತ್ತಾರೆ ಯೋಚಿಸಿ. ಹೊನ್ನಾವರ, ಕುಮಟಾ ಕಡೆ ಮಂಜುನಾಥ ನಾಯ್ಕ ಅಂತ ಹುಡುಕಿದರೂ ಅಷ್ಟೇ. ಜನ ಊರು, ಕೇರಿ, ಮನೆ ಹೆಸರು ಸೇರಿಸಿ ಗುರುತು ಹಿಡಿಯುತ್ತಾರೆ, ಮಿಷನ್ನಿಗೆ ಅದೆಲ್ಲ ಗೊತ್ತಿಲ್ಲ. ಮೇಲಿಂದ ಮಿಷನ್ನಿನ ಕೀಬೋರ್ಡು ಇಂಗ್ಲಿಷಿನದು. ನಾಯ್ಕ, ನಾಯಕ, ನಾಯ್ಕ್ ಮೂರನ್ನೂ ಒಬ್ಬೊಬ್ಬರು ಒಂದೊಂದು ಸ್ಪೆಲ್ಲಿಂಗಿನಲ್ಲಿ ಒತ್ತುತ್ತಾರೆ. ಹೆಗಡೆ, ಗೌಡ, ಶೆಟ್ಟಿ ಎಲ್ಲದರದ್ದೂ ಇದೇ ಪಾಡು. ಆದ್ದರಿಂದ ಹುಡುಕುವುದು ಹೆಸರಿನಿಂದ ಅಲ್ಲ, ಆಸ್ಪತ್ರೆಯ ನಂಬರಿನಿಂದ. ಒಬ್ಬರಿಗೆ ಜೀವಮಾನಕ್ಕೆ ಒಂದೇ ನಂಬರು. ಪ್ರತಿ ಭೇಟಿಗೆ ಹೊಸ ಓಪಿ ನಂಬರ್ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ಇಸಿಜಿಗಿಂತ ಮೊದಲು ಅದನ್ನು ಸರಿಮಾಡಿ, ಇಲ್ಲವಾದರೆ ಹಳೇದು ಹೊಸದು ಯಾವತ್ತೂ ಒಂದು ಕಡೆ ಸೇರುವುದಿಲ್ಲ. ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಾದ ಆಭಾ ಕಾರ್ಡಿನ 14 ಅಂಕಿಯ ನಂಬರ್ ಇದ್ದರೆ ಅದನ್ನೂ ದಾಖಲಿಸಿಕೊಳ್ಳಿ, ಮುಂದೆ ಬೇರೆ ಆಸ್ಪತ್ರೆಯ ಜೊತೆ ಹಂಚಿಕೊಳ್ಳಲು ಬೇಕಾಗುತ್ತದೆ. ಆದರೆ ಅದನ್ನೇ ಮುಖ್ಯ ಕೀಲಿ ಮಾಡಬೇಡಿ. ಎದೆ ಹಿಡಿದುಕೊಂಡು ಬಂದವರು ಕಾರ್ಡ್ ತಂದಿರುವುದಿಲ್ಲ.

ಕೈಯಲ್ಲಿ ಒತ್ತುವುದನ್ನೇ ತಪ್ಪಿಸುವುದು ಇನ್ನೂ ಒಳ್ಳೆಯದು. ಬಿಲ್ಲಿಂಗ್ ಕೌಂಟರಿನಲ್ಲಿ ಇಸಿಜಿ ಅಂತ ಎಂಟ್ರಿ ಆದ ಕೂಡಲೇ ರೋಗಿಯ ಹೆಸರು, ವಯಸ್ಸು, ನಂಬರು ತಾನಾಗಿ ಮಿಷನ್ನಿನ ಪಟ್ಟಿಗೆ ಬರಬೇಕು. ಇದಕ್ಕೆ ವರ್ಕ್‌ಲಿಸ್ಟ್ ಅನ್ನುತ್ತಾರೆ. ಅದಕ್ಕೆ ಹಣ ಸಾಲದಿದ್ದರೆ ಒಂದು ಬಾರ್‌ಕೋಡ್ ರೀಡರ್ ಹಾಕಿ, ಕೇಸ್ ಪೇಪರಿನ ಬಾರ್‌ಕೋಡ್ ಓದಿಸಿ. ಅದೂ ಸಾಕಷ್ಟು ಕೆಲಸ ಮಾಡುತ್ತದೆ. ವಯಸ್ಸು ಮತ್ತು ಗಂಡು-ಹೆಣ್ಣು ಬಿಡುವ ಹಾಗಿಲ್ಲ, ಯಾಕೆಂದರೆ ಮಿಷನ್ ತಾನೇ ಬರೆಯುವ ರಿಪೋರ್ಟ್ ಅದರ ಮೇಲೆ ನಿಂತಿದೆ. ಮಗುವಿನ ಇಸಿಜಿಗೆ ವಯಸ್ಸು ಹಾಕದಿದ್ದರೆ ದೊಡ್ಡವರ ಲೆಕ್ಕದಲ್ಲಿ ಓದಿ ಇಲ್ಲದ ಕಾಯಿಲೆ ಹೇಳುತ್ತದೆ.

ಕ್ಯಾಶುವಾಲ್ಟಿಗೆ ಬೇರೆ ನಿಯಮ ಬೇಕು. ಎದೆನೋವಿನವರು ಬಾಗಿಲಿಗೆ ಬಂದ 10 ನಿಮಿಷದೊಳಗೆ ಇಸಿಜಿ ತೆಗೆದು ಡಾಕ್ಟರಿಗೆ ತೋರಿಸಬೇಕು ಅನ್ನುವುದು ಎಲ್ಲ ಕಡೆ ಒಪ್ಪಿಕೊಂಡ ಕ್ರಮ. ನೋಂದಣಿ ಮಾಡಿಸಿ ಬನ್ನಿ ಅಂತ ಅವರ ಮಗನನ್ನು ಕೌಂಟರಿಗೆ ಓಡಿಸುತ್ತಾ ಕೂರುವ ಹಾಗಿಲ್ಲ. ಮುಂಚೆಯೇ ತುರ್ತು ನಂಬರುಗಳ ಸ್ಟಿಕರ್ ಮಾಡಿಟ್ಟಿರಿ, ಒಂದನ್ನು ರೋಗಿಯ ಕೈಗೂ ಒಂದನ್ನು ಕೇಸ್ ಪೇಪರಿಗೂ ಹಚ್ಚಿ, ಅದೇ ನಂಬರಿನಲ್ಲಿ ಇಸಿಜಿ ತೆಗೆಯಿರಿ. ಆಮೇಲೆ ಖಾಯಂ ನಂಬರಿಗೆ ಸೇರಿಸಬೇಕು. ಯಾರು ಸೇರಿಸುತ್ತಾರೆ ಅಂತ ಹೆಸರು ಹಿಡಿದು ನಿಗದಿ ಮಾಡಿ. ಎಲ್ಲರ ಕೆಲಸ ಅಂದರೆ ಯಾರೂ ಮಾಡುವುದಿಲ್ಲ.

ಗಡಿಯಾರದ್ದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಇಂಜೆಕ್ಷನ್ ಕೊಟ್ಟ ಸಮಯಕ್ಕಿಂತ ಇಸಿಜಿ ಸಮಯ ಹಿಂದೆಯೋ ಮುಂದೆಯೋ ಅನ್ನುವುದು ನಾಳೆ ಕೋರ್ಟಿನಲ್ಲೂ ಪ್ರಶ್ನೆ ಆಗಬಹುದು. ಒಳಗಿನ ಬ್ಯಾಟರಿ ಸತ್ತ ಮಿಷನ್ ಯಾವುದೋ ಹಳೇ ತಾರೀಕಿಗೆ ಹಾರಿಬಿಡುತ್ತದೆ. ಎಲ್ಲ ಮಿಷನ್ನೂ ಸರ್ವರಿನಿಂದಲೇ ಸಮಯ ತಗೊಳ್ಳುವ ಹಾಗೆ ಮಾಡಿ.

ಪರದೆಯಲ್ಲಿ ಸರಿಯಾಗಿ ಕಾಣಬೇಕು

ಕಾಗದದಲ್ಲಿ ಸೆಕೆಂಡಿಗೆ 25 ಮಿಲಿಮೀಟರ್ ಓಟ, ಒಂದು ಮಿಲಿವೋಲ್ಟಿಗೆ 10 ಮಿಲಿಮೀಟರ್ ಎತ್ತರ. ಸಣ್ಣ ಚೌಕ ಅಂದರೆ 0.04 ಸೆಕೆಂಡು, ದೊಡ್ಡ ಚೌಕ 0.2 ಸೆಕೆಂಡು. ಡಾಕ್ಟರ ಕಣ್ಣು ಈ ಅಳತೆಗೆ ಪಳಗಿರುತ್ತದೆ. ಪರದೆಯಲ್ಲಿ ಚಿಕ್ಕದು ದೊಡ್ಡದು ಮಾಡಿದರೂ ಚೌಕ ಗೆರೆಯ ಜೊತೆಗೇ ಬದಲಾಗಬೇಕು, ವೇಗ ಮತ್ತು ಎತ್ತರ ಎಷ್ಟು ಅಂತ ಮೂಲೆಯಲ್ಲಿ ಬರೆದಿರಬೇಕು. ಪ್ರಿಂಟ್ ತೆಗೆಯುವಾಗ ಒಂದು ಬಲೆ ಇದೆ. ಪಿಡಿಎಫ್ ಪ್ರಿಂಟಿನಲ್ಲಿ 'ಪುಟಕ್ಕೆ ಹೊಂದಿಸು' ಅನ್ನುವ ಆಯ್ಕೆ ಹೆಚ್ಚಾಗಿ ತಾನೇ ಆನ್ ಇರುತ್ತದೆ, ಇಡೀ ಚಿತ್ರ ಸ್ವಲ್ಪ ಕುಗ್ಗಿ ಬರುತ್ತದೆ. ಶೇಕಡಾ 100ಕ್ಕೆ ಇಟ್ಟು, ಅಳತೆಪಟ್ಟಿ ಹಿಡಿದು ಕ್ಯಾಲಿಬ್ರೇಷನ್ ಗುರುತಿನ (ಒಂದು ಮಿಲಿವೋಲ್ಟ್ ತೋರಿಸುವ ಗುರುತಿನ) ಎತ್ತರ ಸರಿಯಾಗಿ 10 ಮಿಲಿಮೀಟರ್ ಇದೆಯಾ ನೋಡಿ.

ಫಿಲ್ಟರ್ ಬಗ್ಗೆ ಡಾಕ್ಟರೂ ಟೆಕ್ನಿಷಿಯನ್ನೂ ಒಟ್ಟಿಗೆ ಕೂತು ತೀರ್ಮಾನ ಮಾಡಬೇಕು. ವಯಸ್ಕರಿಗೆ ರೋಗ ಪತ್ತೆಗೆ ತೆಗೆಯುವ ಇಸಿಜಿಗೆ 0.05ರಿಂದ 150 ಹರ್ಟ್ಜ್‌ವರೆಗೆ ಬೇಕು. ಗೆರೆ ನುಣುಪಾಗಿ ಕಾಣಲಿ ಅಂತ ಮಸಲ್ ಫಿಲ್ಟರ್ ಹಾಕಿ 40 ಹರ್ಟ್ಜ್‌ಗೆ ಕತ್ತರಿಸಿದರೆ ಚೂಪಾದ ಸಣ್ಣ ಗುರುತುಗಳು ಹೋಗುತ್ತವೆ. ಕೆಳಗಿನ ಕಡೆ 0.5 ಹರ್ಟ್ಜ್‌ಗೆ ಏರಿಸಿದರೆ ಎಸ್‌ಟಿ ಭಾಗವೇ ಮೇಲೆ ಕೆಳಗೆ ಆಗಬಹುದು. ಹಾರ್ಟ್ ಅಟ್ಯಾಕ್ ಹುಡುಕುವುದೇ ಅಲ್ಲಿ, ಅಲ್ವಾ. ಐಸಿಯು ಮಾನಿಟರಿನ ಗೆರೆಯಿಂದ ಎಸ್‌ಟಿ ಓದಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಕರೆಂಟಿನ ಗುಂಯ್ ತಡೆಯುವ ಫಿಲ್ಟರ್ ನಮ್ಮಲ್ಲಿ 50 ಹರ್ಟ್ಜ್‌ಗೆ ಇರಬೇಕು. ಹೊರದೇಶದ ಮಿಷನ್ 60ಕ್ಕೆ ಸೆಟ್ ಆಗಿ ಬಂದಿದ್ದರೆ ಬದಲಿಸಿ. ಆದರೂ ಗೆರೆ ದಪ್ಪಗೆ ನಡುಗುತ್ತಿದ್ದರೆ ಅರ್ತಿಂಗ್ ನೋಡಿಸಿ. ಬೇಸಿಗೆಯಲ್ಲಿ ನೆಲ ಒಣಗಿದಾಗ ನಮ್ಮ ಚಿರೆಕಲ್ಲಿನ ಜಾಗಗಳಲ್ಲಿ ಅರ್ತಿಂಗ್ ಸರಿಯಾಗಿ ಹಿಡಿಯುವುದಿಲ್ಲ.

ಇನ್ನು ಎಲೆಕ್ಟ್ರೋಡ್. ಕೆಟ್ಟದಾಗಿ ತೆಗೆದದ್ದನ್ನು ಕಂಪ್ಯೂಟರ್ ಸರಿಮಾಡುವುದಿಲ್ಲ, ಕೆಟ್ಟದ್ದನ್ನೇ ಶಾಶ್ವತವಾಗಿ ಇಟ್ಟುಕೊಳ್ಳುತ್ತದೆ. ಉಪ್ಪು ಗಾಳಿಗೆ ಕ್ಲಿಪ್ಪಿನ ಲೋಹ ಹಸಿರು ಕಟ್ಟುತ್ತದೆ, ವಾರಕ್ಕೊಮ್ಮೆಯಾದರೂ ನೋಡಿ ಒರೆಸಿ. ಬೆವರು, ಮೈಗೆ ಹಚ್ಚಿದ ಎಣ್ಣೆ ಇದ್ದರೆ ಮೊದಲು ಒರೆಸಿ ಆಮೇಲೆ ಜೆಲ್. ಬಲಗೈ ಎಡಗೈ ಕೇಬಲ್ ಅದಲುಬದಲಾದರೆ ಲೀಡ್ ಒಂದರ ಗೆರೆ ತಲೆಕೆಳಗಾಗಿ ಎವಿಆರ್ ಮೇಲ್ಮುಖವಾಗಿ ಕಾಣುತ್ತದೆ. ಸೇವ್ ಒತ್ತುವ ಮೊದಲು ಇದೊಂದನ್ನು ನೋಡುವ ಅಭ್ಯಾಸ ಮಾಡಿಸಿ. ವಿ1, ವಿ2 ನಾಲ್ಕನೇ ಪಕ್ಕೆಲುಬಿನ ಸಂದಿಯಲ್ಲೇ ಇರಬೇಕು, ಜಾಗ ಮೇಲೆ ಕೆಳಗಾದರೆ ಹಳೇದಕ್ಕೆ ಹೋಲಿಸಿ ಪ್ರಯೋಜನವಿಲ್ಲ. ಹಾಲಕ್ಕಿ ಅಜ್ಜಿಯರು ಬಂದರೆ ಕೊರಳ ತುಂಬ ಮಣಿಸರ ಇರುತ್ತದೆ. ತೆಗೀರಿ ಅಂತ ಗದರಬೇಡಿ. "ಅಮ್ಮಾ, ಸರ ಸ್ವಲ್ಪ ಮೇಲೆ ಸರಿಸ್ತೇನೆ" ಅಂತ ಕೇಳಿ ಪಕ್ಕಕ್ಕೆ ಮಾಡಿದರೆ ಜಾಗ ಸಿಗುತ್ತದೆ. ಪರದೆ ಎಳೆದಿರಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ಕರೆಂಟು, ನೆಟ್‌ವರ್ಕು, ಮಳೆ

ಎಲ್ಲವೂ ಕ್ಲೌಡಿನಲ್ಲಿ ಇರುತ್ತದೆ ಸಾರ್, ಚಿಂತೆ ಬೇಡ ಅಂತ ವೆಂಡರ್ ಹೇಳುತ್ತಾರೆ. ಬೆಂಗಳೂರಿನಲ್ಲಿ ಕೂತವರಿಗೆ ಇಲ್ಲಿನ ಜುಲೈ ಗೊತ್ತಿಲ್ಲ. ಹೆಸ್ಕಾಂ ಲೈನಿನ ಮೇಲೆ ಮರ ಬೀಳುತ್ತದೆ, ರಸ್ತೆ ಅಗೆಯುವಾಗ ಫೈಬರ್ ಕತ್ತರಿಸಿ ಹೋಗುತ್ತದೆ, 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದಾಗ ಹೆದ್ದಾರಿಯೇ ಮುಚ್ಚಿಹೋಗಿತ್ತು. ಆದ್ದರಿಂದ ಇಸಿಜಿ ಮೊದಲು ಆಸ್ಪತ್ರೆಯೊಳಗಿನ ಸರ್ವರಿನಲ್ಲಿ ಉಳಿಯಬೇಕು, ನೆಟ್ ಬಂದಾಗ ಹೊರಗಿನ ಪ್ರತಿ ಹೋಗಬೇಕು. ಮಿಷನ್ನಿಗೂ ನೆಟ್‌ವರ್ಕ್ ಇಲ್ಲದಾಗ ತನ್ನಲ್ಲೇ ಹಿಡಿದಿಟ್ಟು ಆಮೇಲೆ ಕಳಿಸುವ ಗುಣ ಇರಬೇಕು. ಡೆಮೊದಲ್ಲಿ ಕೇಬಲ್ ಕಿತ್ತು ಪರೀಕ್ಷೆ ಮಾಡಿ. ಹಳೇ ಕಟ್ಟಡದ ದಪ್ಪ ಚಿರೆಕಲ್ಲು ಗೋಡೆ ದಾಟಿ ವೈಫೈ ಹೋಗುವುದಿಲ್ಲ, ಕ್ಯಾಶುವಾಲ್ಟಿಗೂ ಐಸಿಯುವಿಗೂ ತಂತಿಯ ಪಾಯಿಂಟೇ ಹಾಕಿಸಿ. ಸರ್ವರ್, ನೆಟ್‌ವರ್ಕ್ ಸ್ವಿಚ್ ಎರಡಕ್ಕೂ ಯುಪಿಎಸ್ ಬೇಕು. ಸರ್ವರಿಗೆ ಹಾಕಿ ಸ್ವಿಚ್ ಮರೆತರೆ ಏನೂ ಉಪಯೋಗವಿಲ್ಲ. ನೀರು ನುಗ್ಗುವ ನೆಲಮಾಳಿಗೆಯಲ್ಲಿ ಇವನ್ನೆಲ್ಲ ಇಡಬೇಡಿ.

ಬ್ಯಾಕಪ್ ಒಂದು ಕಟ್ಟಡದಲ್ಲಿ, ಇನ್ನೊಂದು ಬೇರೆ ಊರಿನಲ್ಲಿ ಅಥವಾ ಕ್ಲೌಡಿನಲ್ಲಿ, ಮತ್ತೆ ಒಂದು ಪ್ರತಿ ನೆಟ್‌ವರ್ಕಿನಿಂದ ಬಿಚ್ಚಿಟ್ಟದ್ದು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಸರ್ವರುಗಳ ಮೇಲೆ ಸೈಬರ್ ದಾಳಿ ಆಗಿ ದಿನಗಟ್ಟಲೆ ಕೈಬರಹದಲ್ಲೇ ಕೆಲಸ ನಡೆಸಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಯ ಗತಿ ಅದಾದರೆ ನಮ್ಮದು ಹೇಳುವುದೇ ಬೇಡ. ಬ್ಯಾಕಪ್ ತಗೊಂಡರೆ ಸಾಲದು, ಆಗಾಗ ಒಂದು ಇಸಿಜಿಯನ್ನು ಅದರಿಂದ ವಾಪಸ್ ತೆಗೆದು ತೋರಿಸಿ ಅಂತ ಕೇಳಬೇಕು.

ವಾಟ್ಸಾಪನ್ನು ಏನು ಮಾಡುವುದು

ನಿಷೇಧಿಸುವುದು ಸುಲಭ, ಪಾಲಿಸುವವರು ಯಾರೂ ಇರುವುದಿಲ್ಲ. ನಮ್ಮ ಕರಾವಳಿ, ಮಲೆನಾಡಿನಲ್ಲಿ ವಾಟ್ಸಾಪ್ ಜೀವ ಉಳಿಸಿದೆ ಅನ್ನುವುದು ಸುಳ್ಳಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಹಳ್ಳಿ ಕ್ಲಿನಿಕ್ಕುಗಳಿಗೆ ಇಸಿಜಿ ಮಿಷನ್ ಕೊಟ್ಟು, ವಾಟ್ಸಾಪ್ ಗುಂಪಿನಲ್ಲೇ ಸಲಹೆ ಕೊಡುತ್ತಾ ಬೆಳೆದದ್ದು. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲೂ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ತಜ್ಞರಿಗೆ ಹೋಗಿ, ಬೇಕಾದರೆ ಅಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಕ್ರಮ ಇದೆ. ಅಂದಹಾಗೆ ಇಸಿಜಿಯನ್ನು ದೂರಕ್ಕೆ ಕಳಿಸುವುದು ಹೊಸದೇನಲ್ಲ. ಇಸಿಜಿಯ ಪಿತಾಮಹ ವಿಲ್ಲೆಮ್ ಐಂಥೋವನ್ 1905ರಲ್ಲೇ ಲೈಡನ್ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತಮ್ಮ ಲ್ಯಾಬಿಗೆ ಟೆಲಿಫೋನ್ ತಂತಿಯಲ್ಲಿ ರೋಗಿಯ ಸಂಕೇತ ತರಿಸಿಕೊಂಡಿದ್ದರು. ಅವರ ಮಿಷನ್ ಅಷ್ಟು ದೊಡ್ಡದಿತ್ತು, ರೋಗಿಯ ಹತ್ತಿರ ಒಯ್ಯುವ ಮಾತೇ ಇರಲಿಲ್ಲ.

ಹಾಗಾಗಿ ವಾಟ್ಸಾಪಿಗಿಂತ ಸುಲಭವಾದ ದಾರಿ ಮಾಡಿಕೊಡಿ. ತಜ್ಞರು ತಮ್ಮ ಮೊಬೈಲಿನಲ್ಲೇ ಪಾಸ್‌ವರ್ಡ್ ಹಾಕಿ ಆಸ್ಪತ್ರೆಯ ಇಸಿಜಿ ನೋಡುವಂತಿರಲಿ. ಅದು ಆಗುವವರೆಗೆ ಕಳಿಸಲೇಬೇಕಾದರೆ ಸ್ಟ್ರಿಪ್ಪಿನ ಫೋಟೋ ಬೇಡ, ಪಿಡಿಎಫ್ ಕಳಿಸಿ. ಆಸ್ಪತ್ರೆಯ ಮೊಬೈಲಿನಿಂದ ಕಳಿಸಿ, ಸಿಬ್ಬಂದಿಯ ಸ್ವಂತ ಫೋನಿನಿಂದ ಅಲ್ಲ. ಹೆಸರು ಬೇಡ, ನಂಬರು ಮತ್ತು ಸಮಯ ಇರಲಿ. ದೊಡ್ಡ ಗುಂಪಿಗೆ ಹಾಕಬೇಡಿ. ಅಲ್ಲಿಂದ ಬಂದ ಸಲಹೆಯನ್ನು ಯಾರು, ಎಷ್ಟು ಗಂಟೆಗೆ ಹೇಳಿದರು ಅಂತ ಕೇಸ್ ಪೇಪರಿನಲ್ಲಿ ಬರೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ರೋಗಿಯ ಮಾಹಿತಿ ಸೋರಿದರೆ ಹೊಣೆ ಆಸ್ಪತ್ರೆಯ ತಲೆಗೇ ಬರುತ್ತದೆ.

ಹಳೇ ರಾಶಿ

ಕಪಾಟಿನಲ್ಲಿರುವ ಎಲ್ಲ ಸ್ಟ್ರಿಪ್ ಸ್ಕ್ಯಾನ್ ಮಾಡಿಸುತ್ತೇವೆ ಅಂತ ಹೊರಡಬೇಡಿ. ಹಣವೂ ದಂಡ, ಅರ್ಧಕ್ಕರ್ಧ ಯಾರದ್ದು ಅಂತಲೇ ಗೊತ್ತಾಗುವುದಿಲ್ಲ. ಪೇಸ್‌ಮೇಕರ್ ಇರುವವರು, ಸ್ಟೆಂಟ್ ಅಥವಾ ಬೈಪಾಸ್ ಆದವರು, ಒಮ್ಮೆ ಹಾರ್ಟ್ ಅಟ್ಯಾಕ್ ಆದವರು, ಬ್ಲಾಕ್ ಇದೆ ಅಂತ ಗೊತ್ತಿರುವವರು ಮುಂದಿನ ಸಲ ಓಪಿಡಿಗೆ ಬಂದಾಗ ಅವರದ್ದನ್ನು ಸ್ಕ್ಯಾನ್ ಮಾಡಿ. ಮನೆಯಿಂದ ಹಳೇ ಸ್ಟ್ರಿಪ್ ತರಲು ಹೇಳಿ. ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ, ಕಲರಿನಲ್ಲಿ, 300 ಡಿಪಿಐ. ಸ್ಟ್ರಿಪ್ಪಿನ ತಾರೀಕನ್ನೇ ಇಸಿಜಿ ತಾರೀಕಾಗಿ ಹಾಕಿ, ಸ್ಕ್ಯಾನ್ ಮಾಡಿದ ದಿನವನ್ನಲ್ಲ. ಈ ಒಂದು ತಪ್ಪಿನಿಂದ ಹಳೇದೆಲ್ಲ ಹೊಸದಾಗಿ ಕಂಡು ಡಾಕ್ಟರ ದಾರಿ ತಪ್ಪುತ್ತದೆ. ಮಾಸಿದ್ದನ್ನೂ ಬಿಸಾಡಬೇಡಿ, ಕಲರ್ ಸ್ಕ್ಯಾನ್ ಮಾಡಿ ಕಾಂಟ್ರಾಸ್ಟ್ ಏರಿಸಿದರೆ ಎಷ್ಟೋ ಸಲ ಗೆರೆ ಕಾಣುತ್ತದೆ. ಸ್ಕ್ಯಾನ್ ಆಯಿತು ಅಂತ ಮೂಲ ಕಾಗದವನ್ನು ಹರಿಯುವುದೂ ಬೇಡ. ವೈದ್ಯರ ವೃತ್ತಿ ನಡತೆಯ 2002ರ ನಿಯಮದ ಪ್ರಕಾರ ಒಳರೋಗಿಯ ದಾಖಲೆ ಚಿಕಿತ್ಸೆ ಶುರುವಾದ ದಿನದಿಂದ ಕನಿಷ್ಠ 3 ವರ್ಷ ಇರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಪೊಲೀಸ್ ಕೇಸಿನವು ಕೇಸು ಮುಗಿಯುವವರೆಗೂ ಬೇಕು.

ಶುರು ಮಾಡುವ ಹೊತ್ತು

ಜೂನಿನಲ್ಲಿ ಬೇಡ. ಜ್ವರದ ರೋಗಿಗಳ ನೂಕುನುಗ್ಗಲು, ಕರೆಂಟಿನ ಕಣ್ಣಾಮುಚ್ಚಾಲೆ ಎರಡೂ ಆಗಲೇ. ಶಿರಸಿಯವರಾದರೆ ಮಾರಿಕಾಂಬಾ ಜಾತ್ರೆ ಇರುವ ವರ್ಷ ಆ ತಿಂಗಳೂ ಬೇಡ. ದೀಪಾವಳಿ ಕಳೆದ ಮೇಲೆ ಒಳ್ಳೆಯ ಸಮಯ. ಮೊದಲು ಓಪಿಡಿಯಲ್ಲಿ, ಆಪರೇಷನ್‌ಗೆ ಮುಂಚೆ ತೆಗೆಯುವ ಫಿಟ್‌ನೆಸ್ ಇಸಿಜಿಗಳಿಂದ ಶುರು ಮಾಡಿ. ಅಲ್ಲಿ ಅವಸರ ಇಲ್ಲ, ತೊಡಕು ಬಂದರೆ ನಿಂತು ಬಿಡಿಸಬಹುದು. ಆಮೇಲೆ ವಾರ್ಡು, ಐಸಿಯು. ಕ್ಯಾಶುವಾಲ್ಟಿಗೆ ಈ ವ್ಯವಸ್ಥೆ ಎಲ್ಲರಿಗಿಂತ ಜಾಸ್ತಿ ಬೇಕು, ಆದರೂ ಅದನ್ನು ಕೊನೆಗೇ ಇಟ್ಟುಕೊಳ್ಳಿ. ಅಲ್ಲಿ ಕೆಲವು ತಿಂಗಳು ಕಾಗದದ ಪ್ರಿಂಟೂ ಬರಲಿ. ಹಿರಿಯ ಡಾಕ್ಟರುಗಳಿಗೆ ಸ್ಟ್ರಿಪ್ ಕೈಯಲ್ಲಿ ಹಿಡಿದು ನೋಡಿದರೇ ಸಮಾಧಾನ, ಅವರ ಜೊತೆ ಜಗಳ ಬೇಡ. ಆದರೆ ಒಂದು ಗೆರೆ ಎಳೆಯಿರಿ: ಕಾಗದ ನೋಡಲಿಕ್ಕೆ ಮಾತ್ರ, ದಾಖಲೆ ಅಂದರೆ ಸರ್ವರಿನಲ್ಲಿರುವುದು. ಇಲ್ಲವಾದರೆ ಎರಡು ವ್ಯವಸ್ಥೆ ವರ್ಷಗಟ್ಟಲೆ ಒಟ್ಟಿಗೆ ಓಡಿ ಎರಡೂ ಅರೆಬರೆ ಆಗುತ್ತವೆ.

ಮಿಷನ್ ಬರೆದ ರಿಪೋರ್ಟಿಗೂ ಡಾಕ್ಟರು ನೋಡಿ ಸಹಿ ಮಾಡಿದ್ದಕ್ಕೂ ಪರದೆಯಲ್ಲಿ ಬೇರೆ ಬೇರೆ ಗುರುತು ಇರಲೇಬೇಕು. ಮಿಷನ್ 'ನಾರ್ಮಲ್' ಅಂದಿತು ಅಂತ ಎದೆನೋವಿನವರನ್ನು ಗ್ಯಾಸ್ ಮಾತ್ರೆ ಕೊಟ್ಟು ಮನೆಗೆ ಕಳಿಸುವ ಹಾಗಾಗಬಾರದು. ಸಹಿ ಆಗದೆ ಬಾಕಿ ಬಿದ್ದವುಗಳ ಪಟ್ಟಿ ದಿನಾ ಬೆಳಿಗ್ಗೆ ಯಾರ ಮುಂದೆ ಬರುತ್ತದೆ ಅಂತ ಮೊದಲೇ ನಿಗದಿ ಮಾಡಿ.

ತರಬೇತಿಗೆ ವೆಂಡರ್ ಕಡೆಯವರು ಬಂದು ಹಗಲು ಪಾಳಿಯವರಿಗೆ ಹೇಳಿ ಹೋಗಿಬಿಡುತ್ತಾರೆ. ರಾತ್ರಿ ಪಾಳಿಯ ಸಿಸ್ಟರುಗಳಿಗೆ ಬೇರೆಯೇ ಸಮಯ ಕೇಳಿ ಪಡೆಯಿರಿ. ಟ್ರಾಲಿಗೆ ಕನ್ನಡದಲ್ಲಿ ಒಂದು ಕಾರ್ಡ್ ತೂಗುಹಾಕಿ: ನಂಬರ್ ಓದಿಸಿ, ವಯಸ್ಸು ನೋಡಿ, ಗೆರೆ ನೋಡಿ, ಸೇವ್ ಒತ್ತಿ, ಹೋಯಿತಾ ನೋಡಿ. ಸರ್ವರ್ ಕೆಟ್ಟಾಗ ಬರೆಯಲು ಒಂದು ರಿಜಿಸ್ಟರ್ ಅಲ್ಲೇ ಇರಲಿ.

ಕೊನೆಗೆ, ಹಳೇ ಮಿಷನ್ ಎಕ್ಸ್‌ಚೇಂಜಿಗೆ ಕೊಡುವಾಗ ಒಳಗಿನ ಮೆಮೊರಿ ಪೂರ್ತಿ ಅಳಿಸಿ, ಅಳಿಸಿದ್ದಕ್ಕೆ ವೆಂಡರಿನಿಂದ ಬರಹದಲ್ಲಿ ತಗೊಳ್ಳಿ. ಎಷ್ಟೋ ರೋಗಿಗಳ ಹೆಸರು, ಇಸಿಜಿ ಅದರಲ್ಲಿ ಹಾಗೇ ಕೂತಿರುತ್ತವೆ. ಎಲ್ಲವನ್ನೂ ಕೊಟ್ಟುಬಿಡಬೇಡಿ. ಬ್ಯಾಟರಿ ಗಟ್ಟಿ ಇರುವ ಒಂದನ್ನು ಕ್ಯಾಶುವಾಲ್ಟಿಯಲ್ಲಿ ಚಾರ್ಜಿನಲ್ಲಿ ಇಟ್ಟುಕೊಳ್ಳಿ, ಜೊತೆಗೆ ಎರಡು ರೋಲ್ ಕಾಗದ, ಬಿಸಿಲು ತೇವ ತಾಗದ ಕಡೆ.